ಎಂಬತ್ತಮೂರು ಮತ್ತು ಎಂಬತ್ತೆಂಟು

ಅಮೆರಿಕದವರ ಫುಟ್‌ಬಾಲ್ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಅದರಲ್ಲಿ ‘ಟೈಟ್ ಎಂಡ್’ ಎಂಬುದೊಂದು ಸ್ಥಾನ. ಸಾಲಿನ ತುದಿಯಲ್ಲಿ ನಿಲ್ಲುವ ಈ ಆಟಗಾರನಿಗೆ ಎರಡು ಕರ್ತವ್ಯಗಳು. ಗಾಳಿಯಲ್ಲಿ ಬಂದ ಚೆಂಡನ್ನು ಹಿಡಿದು ಓಡುವುದು ಒಂದು. ತನ್ನವನೊಬ್ಬ ಚೆಂಡು ಹಿಡಿದು ಓಡುವಾಗ ಎದುರಾಳಿಗೆ ಮೈಯೊಡ್ಡಿ ದಾರಿ ಬಿಡಿಸುವುದು ಇನ್ನೊಂದು. ಮೊದಲನೆಯದಕ್ಕೆ ಲೆಕ್ಕವೂ ಇದೆ, ಚಪ್ಪಾಳೆಯೂ ಇದೆ. ಎರಡನೆಯದು ಅಂಕಪಟ್ಟಿಗೆ ಸೇರುವುದೇ ಇಲ್ಲ.

ಪಿಟ್ಸ್‌ಬರ್ಗಿನಲ್ಲಿರುವ ನನ್ನ ಮಗನ ಮನೆಯಲ್ಲಿ ಈ ಸ್ಥಾನದ ಬಗ್ಗೆ ತೀರದ ವ್ಯಾಜ್ಯವೊಂದಿದೆ. ಮಗನ ಪಾಲಿಗೆ ಸ್ಟೀಲರ್ಸ್ ತಂಡದ ಟೈಟ್ ಎಂಡ್ ಎಂದರೆ 83ನೆಯ ಸಂಖ್ಯೆಯ ಹೀತ್ ಮಿಲ್ಲರ್. ಮೊಮ್ಮಗನಿಗೆ 88ರ ಪ್ಯಾಟ್ ಫ್ರೈಯರ್‌ಮುತ್. ತೀರ್ಪು ಹೇಳುವ ಹೊಣೆ ತಾತನ ತಲೆಗೆ ಬಿದ್ದದ್ದರಿಂದ ಅಷ್ಟಿಷ್ಟು ತಿಳಿದುಕೊಳ್ಳಬೇಕಾಯಿತು.

ಮಿಲ್ಲರ್ ವರ್ಜೀನಿಯಾದ ಹಳ್ಳಿಗಾಡಿನವರು, ಮಿತಭಾಷಿ. 2005ರಲ್ಲಿ ತಂಡ ಸೇರಿ, ಹನ್ನೊಂದು ಋತುಗಳನ್ನೂ ಅಲ್ಲಿಯೇ ಆಡಿ, 2016ರ ಫೆಬ್ರವರಿಯಲ್ಲಿ ನಿವೃತ್ತರಾದರು. 592 ಬಾರಿ ಚೆಂಡು ಹಿಡಿದು 6,569 ಗಜ ಕ್ರಮಿಸಿದ್ದು, 45 ಟಚ್‌ಡೌನ್ ಗಳಿಸಿದ್ದು, ಎರಡು ಸೂಪರ್ ಬೌಲ್ ಗೆದ್ದ ತಂಡಗಳಲ್ಲಿದ್ದದ್ದು ಎಲ್ಲವೂ ದಾಖಲೆಯಲ್ಲಿವೆ. ಆದರೆ ಊರಿನ ಹಿರಿಯರು ಅವರನ್ನು ನೆನೆಯುವುದು ದಾರಿ ಬಿಡಿಸುವ ಆ ಲೆಕ್ಕವಿಲ್ಲದ ಕೆಲಸಕ್ಕಾಗಿ. ಅವರು ಚೆಂಡು ಹಿಡಿದಾಗಲೆಲ್ಲ ಜನ ‘ಹೀ...ಥ್’ ಎಂದು ಎಳೆದು ಕೂಗುತ್ತಿದ್ದರು. ಹೊಸಬರಿಗೆ ಅದು ಛೀಮಾರಿಯಂತೆ ಕೇಳಿಸುತ್ತಿತ್ತಂತೆ!

ಫ್ರೈಯರ್‌ಮುತ್ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಿಂದ 2021ರಲ್ಲಿ ಬಂದ ಹುಡುಗ. ಕಾಲೇಜಿನಲ್ಲೇ ಅವನನ್ನು ಗ್ರಾಂಕೌಸ್ಕಿ ಎಂಬ ಮತ್ತೊಬ್ಬ ಮಹಾನ್ ಆಟಗಾರನ ಮರಿ ಎಂದು ಕರೆಯುತ್ತಿದ್ದರು. ಇಲ್ಲಿಗೆ ಬಂದ ಮೇಲೆ ‘ಮೂ...ಥ್’ ಎಂಬ ಕೂಗು ಎದ್ದಿತು. ನಮ್ಮ ಕಿವಿಗೆ ಅದು ಅರ್ಧ ‘ಮುತ್ತು’. ಕೂಗು ಹೊಸದು, ಧಾಟಿ ಮಾತ್ರ ಹಳೆಯದೇ.

ಇಬ್ಬರಿಗೂ ಮೊದಲ ವರ್ಷ ಚೆಂಡೆಸೆದವರು ಬೆನ್ ರಾಥ್ಲಿಸ್‌ಬರ್ಗರ್ ಒಬ್ಬರೇ. ಆ ವರ್ಷ ಮಿಲ್ಲರ್ 39 ಬಾರಿ ಹಿಡಿದು 459 ಗಜ, 6 ಟಚ್‌ಡೌನ್ ಪಡೆದಿದ್ದರು. ಹುಡುಗ ಪಡೆದದ್ದು 60 ಬಾರಿ, 497 ಗಜ, 7 ಟಚ್‌ಡೌನ್. ಮೊಮ್ಮಗ ಈ ಅಂಕಿಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾನೆ. ಆದರೆ 2005ರ ರಾಥ್ಲಿಸ್‌ಬರ್ಗರ್ ಇಪ್ಪತ್ತಮೂರರ ತರುಣ. ತಂಡವೂ ಚೆಂಡನ್ನು ಎಸೆಯುವುದಕ್ಕಿಂತ ಹಿಡಿದು ಓಡುವುದನ್ನೇ ನೆಚ್ಚಿತ್ತು. 2021 ಅವರ ಕೊನೆಯ ಋತು. ತೋಳು ಸೋತಿತ್ತು, ಎಸೆತಗಳು ಗಿಡ್ಡವಾಗಿದ್ದವು. ಹುಡುಗನ ಪಾಲಿಗೆ ಬಂದದ್ದು ಸಂಖ್ಯೆಯಲ್ಲಿ ಹೆಚ್ಚು, ದೂರದಲ್ಲಿ ಕಡಿಮೆ. ಇದನ್ನು ಬಿಟ್ಟು ಅಂಕಿಗಳನ್ನು ಹೋಲಿಸಿದರೆ ಅದು ಗಣಿತವಾಗುತ್ತದೆಯೇ ಹೊರತು ವಿವೇಚನೆಯಾಗುವುದಿಲ್ಲ.

ಮೈಯೊಡ್ಡುವ ಕೆಲಸದಲ್ಲಿ ಮಾತ್ರ ಮಿಲ್ಲರ್ ಮೇಲು. ಅದರಲ್ಲಿ ನನಗೆ ಸಂದೇಹವಿಲ್ಲ. 2023ರಲ್ಲಿ ತಂಡವು ಡಾರ್ನೆಲ್ ವಾಷಿಂಗ್ಟನ್ ಎಂಬ ಆರೂವರೆ ಅಡಿ ಮೀರಿದ ಭೀಮಕಾಯನನ್ನು ಕರೆತಂದಿತು. ದಾರಿ ಬಿಡಿಸುವ ಭಾರ ಬಹುಮಟ್ಟಿಗೆ ಅವನ ಹೆಗಲೇರಿತು. ಒಬ್ಬರು ಮಾಡುತ್ತಿದ್ದುದನ್ನು ಇಬ್ಬರು ಹಂಚಿಕೊಂಡರು.

ಇಷ್ಟಾದರೂ ನನ್ನ ಒಲವು ಆ ಹುಡುಗನ ಕಡೆಗೇ. ಕಾರಣ ನಮ್ಮ ಶಾಲೆಯದು. ಪ್ರತಿಭಾವಂತನೊಬ್ಬನ ತಮ್ಮ ಎಂಟನೆಯ ತರಗತಿಗೆ ಸೇರಿದಾಗ, ಅಧ್ಯಾಪಕರ ಕೊಠಡಿಯಲ್ಲಿ ಅವನು ವರ್ಷವಿಡೀ ‘ಅವನ ತಮ್ಮ’ ಆಗಿಯೇ ಉಳಿದ. ಹೊಗಳಿದರೂ ‘ಅಣ್ಣನ ಹಾಗೆ’, ಬೈದರೂ ‘ಅಣ್ಣನ ಹಾಗಲ್ಲ’. ಒಂದು ದಿನ ಆ ಹುಡುಗ ಉತ್ತರಪತ್ರಿಕೆ ಕೊಡಲು ಬಂದವನು, “ಸಾರ್, ನನ್ನನ್ನು ಹೆಸರು ಹಿಡಿದು ಕರೀತೀರಾ?” ಎಂದು ಕೇಳಿದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅವನೀಗ ಈ ಪುಟಗಳನ್ನು ಓದುವವರಲ್ಲಿ ಒಬ್ಬ. ತನ್ನನ್ನು ಗುರುತಿಸಿಕೊಳ್ಳಬಲ್ಲ.

ಫ್ರೈಯರ್‌ಮುತ್ ಕಷ್ಟವನ್ನೂ ಕಂಡವನೇ. 2023ರಲ್ಲಿ ಗಾಯಗೊಂಡು ಹಲವು ಪಂದ್ಯ ತಪ್ಪಿಸಿಕೊಂಡ; ಆ ಋತುವಿನಲ್ಲಿ ದೊರೆತದ್ದು 308 ಗಜಗಳಷ್ಟೇ. ಆಗ ‘ಮಿಲ್ಲರ್ ಇದ್ದಿದ್ದರೆ’ ಎಂಬ ಮಾತು ನಮ್ಮ ಮನೆಯಲ್ಲೂ ಕೇಳಿಬಂತು. ಮರುವರ್ಷ 65 ಬಾರಿ ಹಿಡಿದು 653 ಗಜ, 7 ಟಚ್‌ಡೌನ್ ಗಳಿಸಿದ. ಮಿಲ್ಲರ್ 2012ರಲ್ಲಿ ತಮ್ಮ ಶ್ರೇಷ್ಠ ಋತುವನ್ನು ಆಡಿದ್ದು ಎಂಟನೆಯ ವರ್ಷದಲ್ಲಿ ಎಂಬುದನ್ನು ನನ್ನ ಮಗ ಮರೆಯಬಾರದು.

ಅಂದ ಹಾಗೆ, ಹುಡುಗ ತೊಟ್ಟ 88 ಕೂಡ ಖಾಲಿ ಸಂಖ್ಯೆಯಲ್ಲ. ಎಪ್ಪತ್ತರ ದಶಕದಲ್ಲಿ ಅದನ್ನು ತೊಟ್ಟು ನಾಲ್ಕು ಸೂಪರ್ ಬೌಲ್ ಗೆದ್ದವರು ಲಿನ್ ಸ್ವಾನ್. ಅವರ ಕಾಲದ ಅಜ್ಜಂದಿರು ಆ ಊರಿನಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ.