ಗಡಿಯ ಎರಡು ಬದಿಯ ‘ನೆ’

ಅಥೆನ್ಸಿನ ಮೊನಾಸ್ಟಿರಾಕಿ ಚೌಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಸಾಕು, ಗ್ರೀಕ್ ಭಾಷೆಯ ಒಂದು ಪದವಾದರೂ ಕಿವಿಯಲ್ಲಿ ಉಳಿಯುತ್ತದೆ. ಅದು ‘ನೆ’. ಫೋನು ಹಿಡಿದು ನಡೆಯುವ ಹುಡುಗಿ ‘ನೆ, ನೆ, ನೆ’ ಎನ್ನುತ್ತಾಳೆ. ಹಣ್ಣಿನ ಗಾಡಿಯವನು ಗಿರಾಕಿಗೆ ‘ನೆ’ ಎಂದು ಚೀಲ ಕಟ್ಟಿ ಕೊಡುತ್ತಾನೆ. ಭಾರತದಿಂದ ಹೋದವರ ಕಿವಿಗೆ ಇದು ನಿರಾಕರಣೆ. ಸಂಸ್ಕೃತದ ‘ನ’, ಹಿಂದಿಯ ‘ನಹೀಂ’, ಮರಾಠಿಯ ‘ನಾಹೀ’, ಇಂಗ್ಲಿಷಿನ ‘ನೋ’ ಎಲ್ಲ ಆ ಸದ್ದಿನವೇ ಅಲ್ಲವೇ? ಕನ್ನಡದಲ್ಲಂತೂ ಒಲ್ಲೆ ಎನ್ನುವುದಕ್ಕೆ ಇಟ್ಟ ಹೆಸರೇ ನಕಾರ. ಆದರೆ ಗ್ರೀಕರ ‘ನೆ’ ಎಂದರೆ ಹೌದು. ಇಲ್ಲ ಎನ್ನಲು ಅವರಿಗೆ ‘ಓಹಿ’ ಇದೆ.

ಗ್ರೀಸಿನಿಂದ ಬಸ್ಸು ಹಿಡಿದು ಉತ್ತರದ ಬಲ್ಗೇರಿಯಕ್ಕೆ ಹೋಗಬೇಕೆಂಬ ನನ್ನ ಬಹುದಿನದ ಆಸೆಗೆ ಕಾರಣವೇ ಈ ಒಂದಕ್ಷರ. ಗಡಿಯ ಈಚೆ ‘ನೆ’ ಎಂದರೆ ಹೌದು, ಆಚೆ ಅದೇ ‘ನೆ’ ಎಂದರೆ ಇಲ್ಲ. ಸಾಲದ್ದಕ್ಕೆ ಆಚೆಯವರು ತಲೆಯನ್ನೂ ನಮಗೆ ರೂಢಿಯಿರುವಂತೆ ಆಡಿಸುವುದಿಲ್ಲ. ಪುಸ್ತಕದಲ್ಲಿ ಓದಿದ್ದನ್ನು ಕಿವಿಯಾರೆ ಕೇಳಿ, ಕಣ್ಣಾರೆ ನೋಡಬೇಕಿತ್ತು.

ಅಥೆನ್ಸಿನಲ್ಲೇ ನೋಡುವುದು ಶುರುವಾಯಿತು. ಗ್ರೀಕರು ಎಷ್ಟೋ ಸಲ ‘ಓಹಿ’ ಎಂದು ಬಾಯಿಬಿಟ್ಟು ಹೇಳುವುದೇ ಇಲ್ಲ. ಗದ್ದ ತುಸು ಮೇಲೇಳುತ್ತದೆ, ಹುಬ್ಬು ಏರುತ್ತದೆ, ನಾಲಿಗೆಯಿಂದ ‘ತ್ಸ್’ ಎಂದು ಸಣ್ಣ ಸದ್ದು ಬರುತ್ತದೆ. ಅಂಜೂರ ಇದೆಯೇ ಎಂದು ಕೇಳಿದ ಹೆಂಗಸಿಗೆ ಮುದುಕ ಅಂಗಡಿಯವನೊಬ್ಬ ಹೀಗೆ ತಲೆ ಎತ್ತಿದ. ಆಕೆ ಮರುಮಾತಿಲ್ಲದೆ ಮುಂದಿನ ಅಂಗಡಿಗೆ ಹೋದಳು. ಈ ಸನ್ನೆ ಹೋಮರನಷ್ಟು ಹಳೆಯದು. ಇಲಿಯಡ್ ಕಾವ್ಯದ ಆರನೆಯ ಸರ್ಗದಲ್ಲಿ ಟ್ರಾಯ್ ನಗರದ ಹೆಂಗಸರು ಅಥೀನಾ ದೇವಿಗೆ ವಸ್ತ್ರ ಒಪ್ಪಿಸಿ, ಊರನ್ನು ಕಾಪಾಡು ತಾಯೇ ಎಂದು ಬೇಡುತ್ತಾರೆ. ದೇವಿ ಒಲ್ಲೆನೆಂದು ತಲೆಯನ್ನು ಮೇಲಕ್ಕೆ ಎತ್ತುತ್ತಾಳೆ. ಪ್ರಾಚೀನ ಗ್ರೀಕಿನಲ್ಲಿ ಒಪ್ಪುವುದಕ್ಕೆ ‘ತಲೆ ಕೆಳಗೆ ಬಾಗಿಸು’, ನಿರಾಕರಿಸುವುದಕ್ಕೆ ‘ತಲೆ ಮೇಲಕ್ಕೆತ್ತು’ ಎಂಬ ಅರ್ಥದ ಕ್ರಿಯಾಪದಗಳೇ ಇದ್ದವು. ಗುಡ್ಡದ ಮೇಲಿನ ಪಾರ್ಥೆನಾನ್ ದೇಗುಲ ಒಡೆದಿದೆ, ಅದರ ಬಣ್ಣವೆಲ್ಲ ಹೋಗಿದೆ. ಅದಕ್ಕಿಂತ ಹಳೆಯದಾದ ಸನ್ನೆ ಮಾತ್ರ ಕೆಳಗಿನ ಅಂಗಡಿಬೀದಿಯಲ್ಲಿ ಇಡಿಯಾಗಿ ಉಳಿದಿದೆ. ನನಗೆ ಆ ದಿನ ಅಥೆನ್ಸಿನಲ್ಲಿ ಕಂಡ ಅತಿ ಪ್ರಾಚೀನ ವಸ್ತು ಅದೇ.

ಅಲ್ಲಿಂದ ಉತ್ತರ ಗ್ರೀಸಿನ ಥೆಸಲೋನಿಕಿಗೆ ಸುಮಾರು 500 ಕಿಲೋಮೀಟರ್. ನಾನು ತಲುಪುವ ಹೊತ್ತಿಗೆ ಊರು ಅಕ್ಟೋಬರ್ 28ಕ್ಕೆ ಸಜ್ಜಾಗುತ್ತಿತ್ತು. ಬಾಲ್ಕನಿಗಳಲ್ಲೆಲ್ಲ ನೀಲಿ ಬಿಳಿ ಬಾವುಟಗಳು. ಆ ದಿನದ ಹೆಸರು ‘ಓಹಿ ದಿನ’. ‘ಇಲ್ಲ’ ಎಂಬ ಪದಕ್ಕೆ ಒಂದು ದೇಶ ಹಬ್ಬ ಮಾಡುತ್ತದೆ!

1940ರ ಅಕ್ಟೋಬರ್ 28ರಂದು ಬೆಳಕು ಹರಿಯುವ ಮುಂಚೆಯೇ ಇಟಲಿಯ ರಾಯಭಾರಿ ಗ್ರಾತ್ಸಿ ಗ್ರೀಸಿನ ಪ್ರಧಾನಿ ಇಯೋನಿಸ್ ಮೆಟಾಕ್ಸಾಸ್ ಅವರ ಮನೆಯ ಬಾಗಿಲಿಗೆ ಬಂದ. ಇಟಲಿಯ ಸೇನೆಯನ್ನು ಒಳಗೆ ಬಿಡಿ, ಇಲ್ಲವಾದರೆ ಯುದ್ಧ ಎಂಬುದು ಮುಸ್ಸೊಲಿನಿಯ ಕಡೆಯ ಎಚ್ಚರಿಕೆ. ಮೆಟಾಕ್ಸಾಸ್ ಉತ್ತರ ಕೊಟ್ಟದ್ದು ಫ್ರೆಂಚಿನಲ್ಲಿ: ಹಾಗಾದರೆ ಯುದ್ಧವೇ ಸರಿ ಎಂಬರ್ಥದ ಮಾತು. ‘ಓಹಿ’ ಎಂದು ಕೂಗಿದವರು ಬೀದಿಗಿಳಿದ ಜನ. ಮೆಟಾಕ್ಸಾಸ್ ಸ್ವತಃ ಸರ್ವಾಧಿಕಾರಿ, ಪ್ರಜೆಗಳ ‘ಇಲ್ಲ’ಕ್ಕೆ ಕಿವಿಗೊಟ್ಟವರಲ್ಲ. ಜನ ಅವರ ಫ್ರೆಂಚ್ ವಾಕ್ಯವನ್ನು ಬದಿಗಿಟ್ಟು ತಮ್ಮ ಎರಡಕ್ಷರವನ್ನು ಅಲ್ಲಿ ನಿಲ್ಲಿಸಿದರು. ಆ ನಿರಾಕರಣೆ ಜನರದಾದದ್ದು ಹಾಗೆ. ಚರಿತ್ರೆಯ ನಿಖರತೆಗೆ ಇದು ಸಲ್ಲದಿರಬಹುದು. ಆದರೆ ಕಡಲತೀರದ ರಸ್ತೆಯಲ್ಲಿ ಸೈನಿಕ ಮೆರವಣಿಗೆ ಸಾಗುವಾಗ ಅಜ್ಜಂದಿರು ಎದ್ದು ನಿಲ್ಲುವುದನ್ನು ನೋಡಿದ ಮೇಲೆ, ಜನ ಮಾಡಿದ್ದೇ ಸರಿ ಎನಿಸಿತು.

ನಾನು ಉಳಿದುಕೊಂಡಿದ್ದ ಮನೆಯ ಒಡತಿ ಮೆರವಣಿಗೆಗೆ ಬರಲಿಲ್ಲ. ಅವರಿಗೆ ಇನ್ನೊಂದು ‘ಓಹಿ’ಯ ನೋವು ಇತ್ತು. 2015ರ ಜುಲೈ 5ರಂದು, ಸಾಲ ಕೊಟ್ಟವರ ಷರತ್ತುಗಳನ್ನು ಒಪ್ಪಬೇಕೇ ಎಂದು ಗ್ರೀಸಿನಲ್ಲಿ ಜನಮತ ಕೇಳಲಾಯಿತು. ಮತಪತ್ರದಲ್ಲಿ ‘ಓಹಿ’ ಮೇಲೆ, ‘ನೆ’ ಕೆಳಗೆ ಅಚ್ಚಾಗಿತ್ತು. ಶೇಕಡಾ 61ರಷ್ಟು ಜನ ‘ಓಹಿ’ ಎಂದರು. ಕೆಲವೇ ದಿನಗಳಲ್ಲಿ ಸರ್ಕಾರ ಇನ್ನೂ ಬಿಗಿಯಾದ ಷರತ್ತುಗಳಿಗೆ ಒಪ್ಪಿಕೊಂಡಿತು. ‘ನಮ್ಮ ಓಹಿಯನ್ನು ಅವರು ನೆ ಮಾಡಿದರು’ ಎಂದು ಆಕೆ ಹೇಳಿದಾಗ ದನಿ ಏರಿರಲಿಲ್ಲ, ತಳಕ್ಕಿಳಿದಿತ್ತು.

ಈ ಊರಿನಲ್ಲಿ ಹೌದು ಎನ್ನಲು ಹಿಂದೆ ಇದ್ದದ್ದು ಒಂದೇ ಪದವಲ್ಲ. 1912ರವರೆಗೆ ಇದು ಒಟ್ಟೊಮನ್ ಪಟ್ಟಣ. ಬಂದರಿನಲ್ಲಿ ಗ್ರೀಕರು ‘ನೆ’ ಎಂದರೆ ತುರ್ಕರು ‘ಎವೆತ್’ ಎನ್ನುತ್ತಿದ್ದರು, ಸ್ಲಾವರು ‘ದಾ’. 1492ರಲ್ಲಿ ಸ್ಪೇನ್ ಹೊರಗಟ್ಟಿದ ಯೆಹೂದಿಗಳ ವಂಶದವರು ತಮ್ಮ ಲಾದಿನೋ ಭಾಷೆಯಲ್ಲಿ ‘ಸಿ’ ಎನ್ನುತ್ತಿದ್ದರು. 1943ರಲ್ಲಿ ನಾಜಿಗಳು ಈ ಊರಿನ 40,000ಕ್ಕೂ ಹೆಚ್ಚು ಯೆಹೂದಿಗಳನ್ನು ರೈಲುಗಳಿಗೆ ತುಂಬಿ ಆಶ್‌ವಿಟ್ಸಿಗೆ ಸಾಗಿಸಿದರು. ಎಲೆಫ್ತೆರಿಯಾಸ್ ಚೌಕದಲ್ಲಿ ಅವರ ಸ್ಮಾರಕವಿದೆ. ಆ ‘ಸಿ’ ಬೀದಿಗಳಿಂದ ಹೋದದ್ದು ಹಾಗೆ.

ಬಲ್ಗೇರಿಯಕ್ಕೆ ಹೊರಡುವ ಮುಂಚೆ ನೆನೆಯಬೇಕಾದ ಇಬ್ಬರು ಇದೇ ಊರಿನವರು. ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸನ್ಯಾಸಿ ಸೋದರರು ಒಂಬತ್ತನೆಯ ಶತಮಾನದಲ್ಲಿ ಇಲ್ಲಿ ಹುಟ್ಟಿ, ಸ್ಲಾವ್ ಜನರ ನುಡಿಗೆ ಮೊದಲ ಲಿಪಿ ಕೊಟ್ಟರು. ಅವರ ಶಿಷ್ಯಪರಂಪರೆ ಬಲ್ಗೇರಿಯದಲ್ಲಿ ರೂಪಿಸಿದ್ದೇ ಇಂದಿನ ಸಿರಿಲಿಕ್. ‘ನೆ’ ಎಂದರೆ ಹೌದು ಎನ್ನುವ ಊರಿನ ಮಕ್ಕಳು, ‘ನೆ’ ಎಂದರೆ ಇಲ್ಲ ಎನ್ನುವವರಿಗೆ ಅದನ್ನು ಬರೆಯುವುದನ್ನು ಕಲಿಸಿದರು!

ಬಲ್ಗೇರಿಯದ ರಾಜಧಾನಿ ಸೋಫಿಯಾದ ಬಸ್ಸು ಉತ್ತರಕ್ಕೆ ಹೊರಟು ರೂಪೆಲ್ ಕಣಿವೆಯನ್ನು ಹಿಡಿಯುತ್ತದೆ. 1941ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆಯನ್ನು ಗ್ರೀಕ್ ಸೈನಿಕರು ತಡೆದು ನಿಲ್ಲಿಸಿದ ಕೋಟೆ ಇಲ್ಲಿಯದು. ಪಕ್ಕದಲ್ಲೇ ನದಿ; ಗ್ರೀಕರಿಗೆ ಅದು ಸ್ಟ್ರಿಮೋನಾಸ್, ಬಲ್ಗೇರಿಯನ್ನರಿಗೆ ಸ್ಟ್ರುಮಾ. ಗ್ರೀಸಿನ ಗಡಿಠಾಣೆ ಪ್ರೊಮಾಹೋನಾಸ್ ದಾಟಿದರೆ ಬಲ್ಗೇರಿಯದ ಕುಲಾತಾ. 2025ರ ಜನವರಿ 1ರಿಂದ ಬಲ್ಗೇರಿಯ ಭೂಮಾರ್ಗದಲ್ಲೂ ಷೆಂಗೆನ್ ವಲಯದ ಒಳಗೆ ಬಂದಿರುವುದರಿಂದ ಪಾಸ್‌ಪೋರ್ಟಿನ ಸಾಲು ಈಗಿಲ್ಲ. ಫಲಕದ ಅಕ್ಷರ ಬದಲಾದದ್ದಷ್ಟೇ ಗಡಿಯ ಗುರುತು. ಮುಂದಿನ ಸೀಟಿನ ಗ್ರೀಕ್ ವ್ಯಾಪಾರಿ ಫೋನಿನಲ್ಲಿ ‘ನೆ, ನೆ’ ಎನ್ನುತ್ತಿದ್ದ. ಹಿಂದಿನ ಸೀಟಿನಲ್ಲಿ ಬಲ್ಗೇರಿಯದ ಅಜ್ಜಿಯೊಬ್ಬಳು ಎದ್ದು ನಿಲ್ಲಹೊರಟ ಮೊಮ್ಮಗನನ್ನು ‘ನೆ, ನೆ’ ಎಂದು ತಡೆದು ಕೂರಿಸಿದಳು. ಅದನ್ನು ಕೇಳಲೆಂದೇ ಬಂದವನಿಗೆ ಇನ್ನೇನು ಬೇಕು?

ಅಜ್ಜಿಯ ‘ನೆ’ ನಮ್ಮ ಸಂಸ್ಕೃತದ ‘ನ’ಕ್ಕೆ ಸೋದರಿ. ಇಬ್ಬರಿಗೂ ಒಂದೇ ಆದಿಮೂಲ. ವ್ಯಾಪಾರಿಯ ‘ನೆ’ ಬೇರೆ ಬೇರಿನದು. ಪ್ರಾಚೀನ ಗ್ರೀಕಿನಲ್ಲೂ ಅದು ಒತ್ತಿ ಹೇಳುವ, ಆಣೆಯಿಡುವ ಪದವಾಗಿತ್ತು. ‘ಓಹಿ’ಯ ಮೂಲದ ಬಗ್ಗೆ ವಾರೆನ್ ಕೌಗಿಲ್ ಎಂಬ ಭಾಷಾವಿದ್ವಾಂಸರು 1960ರಲ್ಲಿ ಮುಂದಿಟ್ಟ ಒಂದು ವಾದವಿದೆ. ‘ಆಯುಷ್ಯದಲ್ಲೇ ಇಲ್ಲ’ ಎಂಬಂಥ ಹಳೆಯ ಪದಗುಚ್ಛದಿಂದ ‘ನ’ಕಾರ ಉದುರಿಹೋಗಿ, ಉಳಿದ ಪದವೇ ನಿಷೇಧಾರ್ಥ ಹೊತ್ತುಕೊಂಡಿತು ಎಂಬುದು ಅದರ ಸಾರ. ಅದು ನಿಜವಾದರೆ ಗ್ರೀಕರ ‘ಇಲ್ಲ’ದೊಳಗೆ ಇರುವುದು ನಮ್ಮ ‘ಆಯು’ವಿನ ಬಂಧು. ಎಲ್ಲರೂ ಒಪ್ಪಿದ ವಾದವಲ್ಲ, ಆದರೆ ನನ್ನ ಮನಸ್ಸು ಅದನ್ನು ಬಿಟ್ಟುಕೊಡಲು ಒಪ್ಪುತ್ತಿಲ್ಲ.

ಸೋಫಿಯಾದ ‘ಝೆನ್ಸ್ಕಿ ಪಜಾರ್’ ಅಂದರೆ ಹೆಂಗಸರ ಸಂತೆ. ಕುರಿಹಾಲಿನ ಗಿಣ್ಣು ಕೊಳ್ಳುತ್ತಿದ್ದವರೊಬ್ಬರು ಏನೋ ಕೇಳಿದರು. ಅಂಗಡಿಯವಳು ತಲೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತೂಗುತ್ತ ‘ದಾ’ ಎಂದಳು. ಅದು ಹೌದು. ನಮ್ಮ ಹಿರಿಯರು ‘ಹೂಂ’ ಎನ್ನುತ್ತ ತಲೆದೂಗುವುದಕ್ಕೆ ಹತ್ತಿರದ ಚಲನೆ, ಹಾಗಾಗಿ ಕನ್ನಡಿಗರಿಗೆ ಇಲ್ಲಿ ಯುರೋಪಿನವರಿಗಿಂತ ಬೇಗ ಒಗ್ಗುತ್ತದೆ. ಕಷ್ಟವಿರುವುದು ‘ನೆ’ಯಲ್ಲಿ. ಆಗ ಅವರು ತಲೆಯನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ತರುತ್ತಾರೆ, ನೋಡುವವರಿಗೆ ಒಪ್ಪಿಗೆಯಂತೆ ಕಾಣುತ್ತದೆ.

ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ ಇದರ ಮೇಲೆ ಒಂದು ಸೊಗಸಾದ ಲೇಖನ ಬರೆದಿದ್ದಾರೆ. 1877–78ರ ಯುದ್ಧದಲ್ಲಿ ತುರ್ಕರ ವಿರುದ್ಧ ಕಾದಾಡಲು ಬಂದ ರಷ್ಯದ ಸೈನಿಕರಿಗೂ ಬಲ್ಗೇರಿಯದವರಿಗೂ ‘ದಾ’, ‘ನೆ’ ಎಂಬ ಮಾತುಗಳಲ್ಲಿ ತೊಡಕಿರಲಿಲ್ಲ, ತಲೆಯಾಡಿಸುವುದರಲ್ಲಿತ್ತು. ಊರಿನವರು ಅತಿಥಿಗಳಿಗಾಗಿ ರಷ್ಯದ ರೀತಿಗೆ ಬದಲಾಯಿಸಿಕೊಂಡರೆ ಗೊಂದಲ ಇಮ್ಮಡಿಯಾಗುತ್ತಿತ್ತು. ಈಗ ಇವರು ಯಾರ ರೀತಿಯಲ್ಲಿ ತಲೆಯಾಡಿಸಿದರು ಎಂದು ಕೇಳಬೇಕಾಗುತ್ತಿತ್ತು. ಬಲ್ಗೇರಿಯನ್ನರ ‘ಇಲ್ಲ’ದಲ್ಲಿ ಮುಖ್ಯವಾದದ್ದು ತಲೆಯನ್ನು ಹಿಂದಕ್ಕೆತ್ತುವುದು, ಕೆಳಗಿಳಿಸುವುದು ಬರೀ ಮರಳುವಿಕೆ ಎಂದು ಯಾಕೊಬ್ಸನ್ ತೋರಿಸಿದರು. ಅಂದರೆ ಅದು ಗ್ರೀಕರ ಸನ್ನೆಯ ನೆಂಟ. ಮಾತಿನಲ್ಲಿ ತಿರುವುಮುರುವಾದದ್ದು ಕುತ್ತಿಗೆಯಲ್ಲಿ ಗಡಿ ದಾಟಿ ಒಂದಾಗಿದೆ. ತುರ್ಕರು ಕತ್ತಿಯನ್ನು ಗಂಟಲಿಗೆ ಹಿಡಿದು ಮತ ಬಿಡು ಎಂದಾಗ ಜನ ಹೀಗೆ ತಲೆಯಾಡಿಸುವುದನ್ನು ಕಲಿತರೆಂಬ ಕಥೆಯನ್ನು ಸೋಫಿಯಾದಲ್ಲಿ ಪ್ರವಾಸಿಗರಿಗೆ ಹೇಳುತ್ತಾರೆ. ನಾನು ನಂಬಲಿಲ್ಲ. ಅಥೀನಾ ದೇವಿಯೇ ಮಾಡಿದ ಸನ್ನೆಗೆ ಒಟ್ಟೊಮನ್ನರ ಕತ್ತಿ ಏಕೆ ಬೇಕು?

ರಾಷ್ಟ್ರೀಯ ಗ್ರಂಥಾಲಯದ ಮುಂದೆ ಸಿರಿಲ್ ಮತ್ತು ಮೆಥೋಡಿಯಸರ ಪ್ರತಿಮೆ ಇದೆ. ಅಲ್ಲಿ ಬೆಂಚಿನ ಮೇಲೆ ಪರಿಚಯವಾದ ವಿದ್ಯಾರ್ಥಿನಿಗೆ ಕನ್ನಡದಲ್ಲಿ ಇಲ್ಲ, ಅಲ್ಲ, ಬೇಡ, ಒಲ್ಲೆ ಎಂದು ಬೇರೆ ಬೇರೆ ಇವೆ ಎಂದೆ. ಆಕೆ ಕೂಡಲೇ, ತಮ್ಮಲ್ಲೂ ಅಂಗಡಿಯಲ್ಲಿ ಹಾಲು ಮುಗಿದಿದ್ದರೆ ‘ನೆ’ ಎನ್ನುವುದಿಲ್ಲ, ‘ನ್ಯಾಮಾ’ ಎನ್ನುತ್ತಾರೆ ಎಂದಳು. ಅದು ನಮ್ಮ ‘ಇಲ್ಲ’ವೇ. ಹಾಲು ಬೇಕೇ ಎಂದರೆ ಬರುವ ‘ನೆ’ ನಮ್ಮ ‘ಬೇಡ’. ಇಂಗ್ಲಿಷಿನ ‘ನೋ’ ಎರಡನ್ನೂ ಒಂದೇ ಗೂಡಿಗೆ ತುಂಬುತ್ತದೆ. ನಿಘಂಟಿನಲ್ಲಿ ‘ನೆ’ ಎದುರು ‘ನೋ’ ಎಂದು ನೋಡಿ ತೃಪ್ತರಾಗುವವರಿಗೆ ಇದು ಸಿಗುವುದಿಲ್ಲ.

ಈ ದಾರಿಯಲ್ಲಿ ಹೋಗುವವರು ವಿಮಾನ ಬಿಟ್ಟು ಬಸ್ಸಿನಲ್ಲೇ ಹೋಗಿ, ಗಡಿಯ ಎರಡೂ ಕಡೆಯ ಮಾತು ಒಂದೇ ಸೂರಿನಡಿ ಕೇಳಸಿಗುತ್ತದೆ. ಸೋಫಿಯಾದಲ್ಲಿ ಈಚಿನ ಹುಡುಗರು ಪರದೇಶಿಗಳನ್ನು ಕಂಡರೆ ತಲೆಯಾಡಿಸುವ ರೀತಿ ಬದಲಿಸುತ್ತಾರೆ, ಅದನ್ನು ನೋಡಿ ತೀರ್ಮಾನಿಸಬೇಡಿ. ‘ದಾ ಇಲಿ ನೆ?’, ಹೌದೋ ಇಲ್ಲವೋ, ಎಂದು ಕೇಳಿ, ಉತ್ತರ ಬಾಯಿಂದ ಬರುವವರೆಗೆ ಕಾಯಿರಿ.