ಕೊಳ್ಳುವುದು, ಸಾಕುವುದು

ಕಬ್ಬಿನ ಹಣ ಬಂದ ಸಂಜೆಯೇ ಮಾಕವಳ್ಳಿಯ ಆ ತರುಣ ಮೋಟಾರು ಸೈಕಲ್ಲಿನ ಮಾತೆತ್ತಿದ. ಅವನ ಮನಸ್ಸು ನೆಟ್ಟಿದ್ದುದು ಪಕ್ಕದೂರಿನಲ್ಲಿ ಮಾರಾಟಕ್ಕಿದ್ದ ಹಳೆಯ ಯೆಜ್ಡಿಯ ಮೇಲೆ. 1961ರಿಂದ ಜಾವಾವನ್ನೂ 1973ರಿಂದ ಯೆಜ್ಡಿಯನ್ನೂ ಹೊರತಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೂ ಆ ಅವಳಿ ಕೊಳವೆಗಳ ಸದ್ದಿಗೆ ಈ ಸೀಮೆಯ ತರುಣರ ಎದೆ ಇಂದಿಗೂ ಮಿಡಿಯುತ್ತದೆ.

“ಅಗ್ಗಕ್ಕೆ ಸಿಕ್ತದೆ ಕಣಪ್ಪ” ಎಂದ ಮಗ.

“ಮೊದಲು ತಳ್ಳಿ ನೋಡು ಮಗ” ಎಂದರು ತಂದೆ.

ಸ್ಟ್ಯಾಂಡಿನಿಂದ ಇಳಿಸಿದ್ದೇ ತಡ, ಗಾಡಿ ಮಗ್ಗುಲಿಗೆ ವಾಲಿತು. ತಂದೆಯ ಕೈ ಒದಗದಿದ್ದರೆ ಗಾಡಿಯೊಡನೆ ಅವನೂ ನೆಲ ಕಾಣಬೇಕಿತ್ತು. ಕಿಕ್ಕರೇ ಗೇರಿನ ಕಡ್ಡಿಯೂ ಆಗುವ ಆ ಯಂತ್ರಕ್ಕೆ ಪೆಟ್ರೋಲಿನೊಡನೆ ಎಣ್ಣೆಯನ್ನು ಅಳೆದು ಬೆರೆಸಬೇಕು, ಬಿಡಿಭಾಗಗಳಿಗಾಗಿ ಅಲೆಯಬೇಕು.

“ಕೊಳ್ಳೋದು ಒಂದಿನ, ಸಾಕೋದು ದಿನಾ” ಎಂದರು ತಂದೆ. ತಂಗಿಯ ಕಾಲೇಜಿನ ಶುಲ್ಕವೂ ಅದೇ ಹಣದಲ್ಲಿತ್ತು.

ಕೊನೆಗೆ ಮನೆಗೆ ಬಂದುದು, ಕುಳಿತರೆ ಎರಡು ಕಾಲೂ ನೆಲಕ್ಕೆ ಊರುವ 100 ಸಿ.ಸಿ.ಯ ಹಗುರ ಗಾಡಿ. ಕಲಿಕೆಯ ಲೈಸೆನ್ಸು ಪಡೆದು 30 ದಿನ ಕಳೆಯದೆ ಖಾಯಂ ಲೈಸೆನ್ಸಿಲ್ಲ. ಆ ತಿಂಗಳೆಲ್ಲ ‘ಎಲ್’ ಫಲಕ ಹೊತ್ತು ಗದ್ದೆಬದಿಯ ದಾರಿಯಲ್ಲಿ ಸುತ್ತಿದ. ಉಳಿದ ಹಣದಲ್ಲಿ ಶುಲ್ಕ ತೀರಿತು, ಎರಡು ಹೆಲ್ಮೆಟ್ಟುಗಳೂ ಬಂದವು.

ಲೈಸೆನ್ಸು ಕೈಸೇರಿದ ದಿನ ಎರಡನೆಯದನ್ನು ತೊಟ್ಟು ಹಿಂದೆ ಕುಳಿತವರು ತಂದೆ. ದಾರಿಯಲ್ಲಿ ಯೆಜ್ಡಿಯೊಂದರ ಸದ್ದಿಗೆ ತಿರುಗಿ ನೋಡಿದವರೂ ಅವರೇ.