ದವನದ ಕೋಣೆ

ಪುಣೆಯ ನಮ್ಮ ಮನೆ ಉತ್ತರಾಭಿಮುಖ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದ ಮೇಲೆ ಬಾಲ್ಕನಿಗೆ ಬಿಸಿಲೇ ಬೀಳದು. ದವನ ಬೆಳೆಯುವುದೋ ಅದೇ ಕಾಲದಲ್ಲಿ: ನವೆಂಬರಿನಲ್ಲಿ ಬಿತ್ತಿದರೆ ಫೆಬ್ರವರಿ, ಮಾರ್ಚ್ ವೇಳೆಗೆ ಕೊಯ್ಲು. ತಿಪಟೂರಿನ ಕಡೆಯವರಾದ ನಮಗೆ, ದವನ ಸಿಕ್ಕಿಸಿದ ಬಾಳೆಹಣ್ಣನ್ನು ತೇರಿನ ಕಳಶಕ್ಕೆ ಎಸೆಯದೆ ಜಾತ್ರೆ ಪೂರ್ಣವಾಗದು. ಊರಿಗೆ ಹೋಗಲಾಗದ ವರ್ಷಗಳು ಹೆಚ್ಚಿದಂತೆ, ಮನೆಯ ಚಿಕ್ಕ ಕೋಣೆಯಲ್ಲಿ ಎಲ್‌ಇಡಿ ದೀಪ ಕಟ್ಟಿ ಕುಂಡಗಳಲ್ಲಿ ದವನ ಬೆಳೆಸತೊಡಗಿದೆವು. ಒಳಗಿನ ಗಾಳಿಯನ್ನು ಕಿಟಕಿಯಿಂದ ಹೊರದೂಡಲು ಒಂದು ಫ್ಯಾನ್ ಇಟ್ಟೆವು.

ಆ ಕಿಟಕಿಯ ನೇರಕ್ಕೆ ಮೇಲಿನ ಮನೆಯ ಮಲಗುವ ಕೋಣೆ. ನಾವು ಕಾಕೂ ಎಂದು ಕರೆಯುವ ಅಲ್ಲಿಯ ಹಿರಿಯರಿಗೆ ಕಿಮೋ ಚಿಕಿತ್ಸೆ ನಡೆಯುತ್ತಿತ್ತು. ಫೆಬ್ರವರಿಯ ಒಂದು ಸಂಜೆ ಅವರ ಮಗ ಬಂದು, "ಆಯಿಗೆ ಈ ವಾಸನೆ ತಡೆಯಲಾಗುತ್ತಿಲ್ಲ, ವಾಂತಿಯಾಗುತ್ತದೆ" ಎಂದು ಸಂಕೋಚದಿಂದ ಹೇಳಿದರು. ನಾಚಿಕೆಯಿಂದ ಮೇಲೆ ಹೋದೆವು. ಕಾಕೂ ತಾವೇ ತಪ್ಪು ಮಾಡಿದವರಂತೆ, "ಪ್ರತಿ ಚೈತ್ರದಲ್ಲೂ ಜ್ಯೋತಿಬಾನಿಗೆ ದವಣಾ ಏರಿಸುತ್ತ ಬಂದವಳು ನಾನು. ಈಗ ಅದೇ ಆಗುತ್ತಿಲ್ಲ ನೋಡಿ" ಎಂದರು. ಗಿಡ ಕಿತ್ತುಹಾಕುತ್ತೇವೆ ಎಂದಾಗ, "ದೇವರ ಗಿಡ, ನನ್ನ ಸಲುವಾಗಿ ಕೀಳಬೇಡಿ" ಎಂದು ತಡೆದರು.

ಆ ರಾತ್ರಿ ಫ್ಯಾನ್ ನಿಲ್ಲಿಸಿದೆವು. ಕೆಲವೇ ದಿನಗಳಲ್ಲಿ ತೇವ ಕಟ್ಟಿ ಗಿಡಗಳ ಬುಡ ಕೊಳೆಯತೊಡಗಿತು. ಗಾಳಿ ಹೋಗಬೇಕು, ಗಂಧ ಹೋಗಬಾರದು. ಕಾರ್ಬನ್ ಫಿಲ್ಟರ್ ಹುಡುಕಿ ಹೊರಟದ್ದು ಹೀಗೆ.

ಮೊದಲು ತಂದದ್ದು 4 ಇಂಚಿನ ಅಗ್ಗದ ಫಿಲ್ಟರ್. ಅದನ್ನು 6 ಇಂಚಿನ ಫ್ಯಾನಿಗೆ ಹೇಗೋ ಜೋಡಿಸಿದೆವು. ವಾಸನೆ ಕುಗ್ಗಿತೇ ಹೊರತು ಹೋಗಲಿಲ್ಲ. ಕಾರಣ ಆಮೇಲೆ ತಿಳಿಯಿತು. ಇದ್ದಿಲು ಗಂಧವನ್ನು ಜರಡಿಯಂತೆ ತಡೆಯುವುದಿಲ್ಲ. ಅದರ ಅಸಂಖ್ಯ ಸೂಕ್ಷ್ಮ ರಂಧ್ರಗಳ ಒಳಗೋಡೆಗೆ ಗಂಧದ ಅಣುಗಳು ಅಂಟಿಕೊಳ್ಳುತ್ತವೆ. ಅಂಟಲು ತುಸು ಹೊತ್ತು ಬೇಕು. ತೆಳುವಾದ ಇದ್ದಿಲ ಪದರವನ್ನು ಗಾಳಿ ವೇಗವಾಗಿ ದಾಟಿದರೆ ಗಂಧವೂ ಅದರೊಡನೆ ದಾಟಿಬಿಡುತ್ತದೆ.

ಎರಡನೆಯ ಸಲ ಲೆಕ್ಕ ಹಾಕಿದೆವು. ಕೋಣೆಯ ಉದ್ದ 2.5 ಮೀಟರ್, ಅಗಲ 2, ಎತ್ತರ 2.7, ಒಟ್ಟು 13.5 ಘನ ಮೀಟರ್. ಮೂರು ನಿಮಿಷಕ್ಕೊಮ್ಮೆ ಗಾಳಿ ಬದಲಾಗಬೇಕೆಂದರೆ ಗಂಟೆಗೆ 270 ಘನ ಮೀಟರ್. ಫಿಲ್ಟರಿನ ಸಾಮರ್ಥ್ಯ ಫ್ಯಾನಿನದಕ್ಕಿಂತ ಕಡಿಮೆಯಿರಬಾರದು. ಇದ್ದಿಲ ಪದರ ದಪ್ಪವಿದ್ದ, ಎತ್ತಲು ಭಾರವಾದ 6 ಇಂಚಿನದನ್ನು ಕೊಂಡು, ಫ್ಯಾನಿನ ವೇಗವನ್ನೂ ತಗ್ಗಿಸಿದೆವು. ತೆಂಗಿನ ಕರಟದ ಇದ್ದಿಲು ಎಂದು ಪೆಟ್ಟಿಗೆಯ ಮೇಲೆ ಓದಿದಾಗ ನಗು ಬಂತು. ಹಿತ್ತಲಲ್ಲಿ ಕರಟ ಸುಟ್ಟು ಅದರ ಮಸಿಯಲ್ಲಿ ಹಲ್ಲುಜ್ಜಿದವರು ನಾವು. ಇದು ಅದೇ ಇದ್ದಿಲು. ಆದರೆ ಅತಿ ಶಾಖದಲ್ಲಿ ಹಬೆ ಹಾಯಿಸಿ ರಂಧ್ರಗಳನ್ನು ಬಿಡಿಸಿದ್ದು.

ಫಿಲ್ಟರನ್ನು ಕೋಣೆಯೊಳಗೆ ಎತ್ತರದಲ್ಲಿ ತೂಗುಹಾಕಿ, ಫ್ಯಾನು ಅದರ ಮೂಲಕವೇ ಗಾಳಿ ಎಳೆಯುವಂತೆ ಮಾಡಿದೆವು. ಬಾಗಿಲ ಸಂದಿಯಲ್ಲಿ ಊದುಬತ್ತಿ ಹಿಡಿದಾಗ ಹೊಗೆ ಒಳಕ್ಕೇ ಸರಿಯಿತು. ಅಂದರೆ ಗಂಧ ಬೇರೆ ದಾರಿಯಿಂದ ನುಸುಳುತ್ತಿರಲಿಲ್ಲ. ತೇವ ಹೆಚ್ಚಾದರೆ ನೀರಾವಿಯೇ ಇದ್ದಿಲ ರಂಧ್ರಗಳನ್ನು ತುಂಬುವುದರಿಂದ ನೀರುಣಿಸುವುದನ್ನೂ ಹಿತಮಿತಗೊಳಿಸಿದೆವು.

ಮತ್ತೆ ದೂರು ಬರಲಿಲ್ಲ. ಆದರೆ ಕಾಕೂ ಸಹಿಸಿಕೊಳ್ಳುವ ಸ್ವಭಾವದವರು, ದೂರಿಲ್ಲವೆಂದು ಸುಮ್ಮನಿರುವಂತಿರಲಿಲ್ಲ. ವಾರಕ್ಕೊಮ್ಮೆ ಹೋಗಿ ವಿಚಾರಿಸತೊಡಗಿದೆವು. ಒಂಬತ್ತು ವರ್ಷ ಕೆಳಗಿನ ಮನೆಯಲ್ಲಿದ್ದೂ, ಅವರ ತವರು ಕೊಲ್ಹಾಪುರದ ಬಳಿಯೆಂದು ನಮಗೆ ತಿಳಿದದ್ದು ಆ ಭೇಟಿಗಳಲ್ಲಿಯೇ.

ಚೈತ್ರ ಸಮೀಪಿಸಿದಾಗ ದವನ ಕೊಯ್ದೆವು. ಒಂದು ಕಟ್ಟನ್ನು ಊರಿಗೆ ಹೊರಟವರ ಕೈಲಿ ಕಳಿಸಿದೆವು. ಇನ್ನೊಂದನ್ನು, ಕಾಕೂ ಬಯಸಿದಂತೆ, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಅವರಲ್ಲಿಗೆ ಒಯ್ದೆವು. ಮಗ ಜ್ಯೋತಿಬಾನ ಯಾತ್ರೆಗೆ ಹೊರಟಿದ್ದರು. ಕಾಕೂ ಡಬ್ಬಿಯನ್ನು ತೆರೆಯಲಿಲ್ಲ. ಮುಚ್ಚಳದ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಮಗನ ಕೈಗಿತ್ತರು.